ಕಾಫಿ ಕಣದಿಂದ ಲೋಕದವರೆಗೆ: ತರಗತಿಯಲ್ಲಿ ಕಿರುಚಿತ್ರ

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7ನೆಯ ಉಪಗುರಿ ಜಾಗತಿಕ ಪೌರತ್ವದ ಶಿಕ್ಷಣವನ್ನು ಹೆಸರಿಸಿಯೇ ಹೇಳುತ್ತದೆ. ಚಿಕ್ಕಮಗಳೂರಿನ ಹೈಸ್ಕೂಲಿಗೆ ಅದನ್ನು ತರಲು ಕಾಫಿಗಿಂತ ಒಳ್ಳೆಯ ವಿಷಯ ಇಲ್ಲ. ಅರೇಬಿಕಾ ಎಂಬ ಕಾಫಿ ಜಾತಿಯ ಮೂಲ ಇಥಿಯೋಪಿಯಾ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬುದು ಇಲ್ಲಿನ ಐತಿಹ್ಯ. ಇವತ್ತಿನ ಅರೇಬಿಕಾ ದರ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ಇನ್ನೊಂದು ಜಾತಿಯಾದ ರೊಬಸ್ಟಾದ ದರ ಲಂಡನ್ನನ್ನೂ ನೋಡಿಕೊಂಡು ಏರಿಳಿಯುತ್ತದೆ.

ಮೊದಲು ಬೇರೆ ದೇಶದ ಬೆಳೆಗಾರರ ಸಾಕ್ಷ್ಯಚಿತ್ರದ ಹತ್ತು ನಿಮಿಷ ತೋರಿಸಿ. ಪೂರ್ತಿ ಹಾಕಿದರೆ ಚರ್ಚೆಗೆ ಪಿರಿಯಡ್ ಉಳಿಯುವುದಿಲ್ಲ. ಮೊದಲ ಸಲ ಧ್ವನಿ ಬಂದ್ ಮಾಡಿ, ಕಂಡದ್ದನ್ನಷ್ಟೇ ಬರೆಸಿ; ಎರಡನೆಯ ಸಲ ಧ್ವನಿಯೊಂದಿಗೆ. ಹಿನ್ನೆಲೆ ಸಂಗೀತ ತಮ್ಮ ಅಭಿಪ್ರಾಯವನ್ನು ಎಲ್ಲಿ ತಿರುಗಿಸಿತೆಂದು ಮಕ್ಕಳೇ ಹಿಡಿಯುತ್ತಾರೆ. "ಅಯ್ಯೋ ಪಾಪ" ಎಂಬಲ್ಲಿಗೆ ಮಾತು ನಿಂತರೆ ಪಾಠ ಕೆಟ್ಟಂತೆಯೇ. ಆಗ ಕೇಳಿ: ಗ್ರಾಹಕ ಕೊಟ್ಟ ದುಡ್ಡು ಯಾರ್‍ಯಾರ ಕೈಗೆ ಹೋಯಿತು? ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯಲು ಅಸ್ಸಾಂನಿಂದ ಜನ ಯಾಕೆ ಬರುತ್ತಾರೆ?

ನಂತರ ಐದೈದು ಮಕ್ಕಳ ತಂಡ, ನಮ್ಮ ತೋಟಗಳ ಬಗ್ಗೆಯೇ ಮೂರು ನಿಮಿಷದ ಚಿತ್ರ. ಫೋನ್ ಅಡ್ಡ ಹಿಡಿಯಲಿ; ಪ್ರತಿ ಶಾಟ್ ಹತ್ತು ಸೆಕೆಂಡ್ ಅಲುಗಾಡದಿರಲಿ. ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಬೆಳಿಗ್ಗೆಯೇ ತೆಗೆಯಿರಿ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ (ಪಲ್ಪರ್) ಓಡುವಾಗ ಸಂದರ್ಶನ ಬೇಡ. ಇನ್ನೊಂದು ಫೋನನ್ನು ಮಾತಾಡುವವರ ಎದೆಯ ಹತ್ತಿರ ಇಟ್ಟು ಧ್ವನಿ ಮುದ್ರಿಸಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ಚಿತ್ರಕ್ಕೆ ಧ್ವನಿ ಹೊಂದಿಸುವುದು ಸುಲಭ.

ಕಾರ್ಮಿಕರ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಕೇಳಬೇಕು. ಮೇಸ್ತ್ರಿ ತಲೆಯಾಡಿಸಿದರೆ ಸಾಲದು. ಮುಗಿದ ಚಿತ್ರವನ್ನು ಮೊದಲು ಅವರಿಗೇ ತೋರಿಸಿ, ಬೇಡವೆಂದ ಶಾಟ್ ತೆಗೆದುಹಾಕಿ.