ಐದು ರೂಪಾಯಿ ನಾಣ್ಯದಲ್ಲಿ ಸ್ವಿಚ್ ತೂಗಿದ್ದು

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೂ ಒಂದು ಸ್ವಿಚ್. ಟೆಸ್ಟರ್, ಅಂದರೆ ಮಾದರಿ ಸ್ವಿಚ್ಚುಗಳ ಹಲಗೆ, ಒತ್ತಿ ನೋಡಿ ಅದನ್ನು ಆಯ್ದುಕೊಂಡವರು ವಾರದೊಳಗೆ ಗೊಣಗುತ್ತಾರೆ. ಬಿಡಿ ಸ್ವಿಚ್ಚನ್ನು ಹೆಬ್ಬೆರಳಲ್ಲಿ ಅದುಮಿದರೆ ಎಲ್ಲವೂ ಬೆಣ್ಣೆಯೇ. ನಾನು ಮಾಡಿದ್ದು ಹೀಗೆ: ಒಂದೇ ಹಾಟ್‌ಸ್ವಾಪ್ (ಬೆಸುಗೆಯಿಲ್ಲದೆ ಸ್ವಿಚ್ ಬದಲಿಸಬಹುದಾದ) ಬೋರ್ಡು, ಒಂದೇ ಕೀಕ್ಯಾಪ್ ಸೆಟ್ಟು, ಎಡಗೈಗೆ ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚು (ಸಲೀಸಾಗಿ ಇಳಿಯುವುದು), ಬಲಗೈಗೆ ಕಂದು (ನಡುವೆ ಉಬ್ಬು ತಗಲುವುದು). ಎರಡು ದಿನ ಪುಟಗಟ್ಟಲೆ ಕನ್ನಡ, ಮೂರನೇ ದಿನ ಅದಲುಬದಲು. ‘ಬೆರಕೆ ಹಾಕಿದರೆ ಕೈ ಕೆಡುತ್ತೆ’ ಅಂದಿದ್ದ ಮೈಸೂರಿನ ಡಿಟಿಪಿ ಗೆಳೆಯರೇ ಈಗ ಬೋರ್ಡು ಎರವಲು ಕೇಳುತ್ತಾರೆ.

ಗುಟ್ಟು ಎಫ್ ಕೀಯಲ್ಲಿದೆ. ‘ನುಡಿ’ ತಂತ್ರಾಂಶದ ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಅದೇ: ‘ಅಕ್ಕ’ ಅಂದರೆ ಎ, ಕೆ, ಎಫ್, ಕೆ. ಎಡ ತೋರುಬೆರಳಿಗೆ ಬಿಡುವಿಲ್ಲ. ಕಂದಿನ ಉಬ್ಬು ಬೇರೆಡೆ ಹಿತ, ಎಫ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾಟ. ಈಗ ಬೋರ್ಡೆಲ್ಲ ಕಂದು, ಎಫ್ ಒಂದೇ ಕೆಂಪು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದವರಿಗೆ ಇದೇ ಲೆಕ್ಕ ಡಿ ಕೀಗೆ.

ಸ್ವಿಚ್ ಒತ್ತಲು ಬೇಕಾದ ಭಾರ ತೂಗಲು ನಾಣ್ಯ ಸಾಕು. 2011ರ ಮಾದರಿಯ ಐದು ರೂಪಾಯಿಯದ್ದು 6 ಗ್ರಾಂ, ಅದೇ ಮಾದರಿಯ ಒಂದು ರೂಪಾಯಿ 3.79. ಅಕ್ಷರ ಮೂಡುವವರೆಗೆ ಕೀಯ ಮೇಲೆ ಒಂದೊಂದೇ ಪೇರಿಸಿ. ಕೆಂಪಿಗೆ ಏಳು ಐದರವು, ಮೇಲೊಂದು ಒಂದರದ್ದು. ಕಂಪನಿ ಹೇಳುವ 45ರ ಅಕ್ಕಪಕ್ಕ. ಗೇಟೆರಾನ್ ಎಂಬ ಇನ್ನೊಂದು ಕಂಪನಿಯ ಹಳದಿಗೆ ಐದರವು ಎಂಟು, ಒಂದರದ್ದು ಒಂದು. ಕಂದು ಐದರ ಒಂಬತ್ತು ನಾಣ್ಯದವರೆಗೆ ಉಬ್ಬಿನ ಮೇಲೆ ನಿಂತಿದ್ದು ಆಮೇಲೆ ಧೊಪ್ಪನೆ ತಳಕ್ಕೆ. ನಾಣ್ಯ ಓರೆಯಾದರೆ ಸ್ಟೆಮ್ (ಸ್ವಿಚ್ಚಿನೊಳಗೆ ಇಳಿಯುವ ಕಡ್ಡಿ) ಪಕ್ಕದ ಗೋಡೆಗೆ ಉಜ್ಜಿ ನಾಲ್ಕೈದು ಗ್ರಾಂ ಜಾಸ್ತಿ ತೋರಿಸುತ್ತೆ, ನಡುಮಧ್ಯೆ ಇಡಿ. ಟಿಕ್ ಟಿಕ್ ಅನ್ನುವ ನೀಲಿ ಸ್ವಿಚ್ಚನ್ನೂ ತೂಗಿದೆ, ಆ ಸದ್ದು ತಾಳದೆ ಅಲ್ಲೇ ಬಿಟ್ಟೆ.

ದುಡ್ಡು ಹಾಳಾಗಿದ್ದು ಸ್ವಿಚ್ ನುಣುಪಾಗಿ ಜಾರಲಿ ಅಂತ ಬಳಿಯುವ ಗ್ರೀಸಿನಲ್ಲಿ. ಕ್ರೈಟಾಕ್ಸ್ 205ಜಿ0 ಕೆಂಪಿಗೂ ಹಳದಿಗೂ ಸೊಗಸು. ಅದನ್ನೇ ಕಂದಿನ ಸ್ಟೆಮ್ ಕಾಲಿಗೆ (ಉಬ್ಬಿರುವುದು ಅಲ್ಲೇ) ಬಳಿದೆ, ಉಬ್ಬೇ ಮಾಯ. ಇಪ್ಪತ್ತು ಚಿಲ್ಲರೆ ಸ್ವಿಚ್ಚು ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದದ್ದಾಯಿತು. ಕಂದಿಗೆ ಸ್ಟೆಮ್ ಜಾರುವ ಹಳಿ ಮತ್ತು ತಳ ಮಾತ್ರ, ಕಾಲು ಮುಟ್ಟಬೇಡಿ. ಮೈಸೂರಿನ ಶಿವರಾಂಪೇಟೆಯಿಂದ ತಂದ ಹೊಲಿಗೆ ಯಂತ್ರದ ಎಣ್ಣೆಯನ್ನೂ ನಾಲ್ಕು ಸ್ವಿಚ್ಚಿಗೆ ಬಿಟ್ಟು ನೋಡಿದೆ. ವಾರದಲ್ಲಿ ಅದು ಕರೆಂಟು ಕೂಡಿಸುವ ಲೋಹದ ಪಟ್ಟಿಗೆ ಇಳಿದು ಎರಡು ಕೀ ಅಕ್ಷರ ನುಂಗತೊಡಗಿದವು.

ನನಗಾದ ಖರ್ಚು? ಬೋರ್ಡು ಮೂರು ಸಾವಿರದ ಆಸುಪಾಸು, ಸ್ವಿಚ್ಚು ಒಂದಕ್ಕೆ ಇಪ್ಪತ್ತರಿಂದ ಮೂವತ್ತು, ಗ್ರೀಸು ಐನೂರರ ಹತ್ತಿರ. ಸ್ವಿಚ್ ಕೂರುವ ಒಂದು ಸಾಕೆಟ್ಟೂ ಕಿತ್ತು ಬಂತು: ಸ್ವಿಚ್ಚಿನ ಪಿನ್ ಸೊಟ್ಟಗಿದ್ದುದನ್ನು ನೋಡದೆ ಮೇಲಿಂದ ಗುದ್ದಿದ್ದೆ. ಪಿನ್ನನ್ನು ಚಿಮಟದಲ್ಲಿ ನೆಟ್ಟಗೆ ಮಾಡಿ, ಬೋರ್ಡಿನ ಹಿಂದೆ ಸಾಕೆಟ್ಟಿಗೆ ಬೆರಳು ಆನಿಸಿಕೊಂಡು ಒತ್ತಿ.