ಕೂಬೆರ್‌ನಿಂದ ಸೊಯೆರ್‌ಗೆ: ಮಯೋರ್ಕಾ ಬೆಟ್ಟದಲ್ಲಿ ಒಂದು ದಿನದ ನಡಿಗೆಗೆ ನನ್ನ ತಯಾರಿ

ಸ್ಪೇನಿನ ಮಯೋರ್ಕಾ ದ್ವೀಪದ ವಾಯವ್ಯ ಅಂಚಿನುದ್ದಕ್ಕೂ ಸೆರಾ ದೆ ತ್ರಾಮುಂತಾನಾ ಬೆಟ್ಟಸಾಲಿದೆ. 2011ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಒಂದೇ ದಿನ ಕೈಯಲ್ಲಿದ್ದರೆ ನಾನು ಆರಿಸುವುದು ಕೂಬೆರ್ ಜಲಾಶಯದಿಂದ ಬಿನಿಯರಾಶ್ ಕಮರಿ ಹಿಡಿದು ಸೊಯೆರ್ ಊರಿಗೆ ಇಳಿಯುವ ಹಾದಿಯನ್ನು. ಉದ್ದ 11–12 ಕಿ.ಮೀ. ಜಲಾಶಯ ಸುಮಾರು 750 ಮೀಟರ್ ಎತ್ತರದಲ್ಲಿದೆ, ಲೋಫ್ರೆ ಘಾಟಿ 875ರ ಆಸುಪಾಸು, ಸೊಯೆರ್ 50. ಹತ್ತುವುದು ಕಡಿಮೆ, ಇಳಿಯುವುದು 800 ಮೀಟರಿಗೂ ಹೆಚ್ಚು.

ಈ ಇಳಿತದಲ್ಲೇ ಸಮಯದ ಲೆಕ್ಕ ತಪ್ಪುವುದು. ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎನ್ನುವ ಹಳೆಯ ನೈಸ್ಮಿತ್ ಸೂತ್ರ ಹಾಕಿದರೆ ಎರಡೂವರೆ ಗಂಟೆ ಚಿಲ್ಲರೆ ಬರುತ್ತದೆ. ಆ ಸೂತ್ರದಲ್ಲಿ ಇಳಿಜಾರಿಗೆ ಲೆಕ್ಕವೇ ಇಲ್ಲ. ಕಲ್ಲುಹಾಸಿನ ಮೆಟ್ಟಿಲಿಳಿಯುವಾಗ ಗಂಟೆಗೆ ಎರಡು, ಹೆಚ್ಚೆಂದರೆ ಎರಡೂವರೆ ಕಿ.ಮೀ. ಸಾಗುತ್ತದೆ. ಹಾಗಾಗಿ ನಾನು ಬರೆದಿಟ್ಟುಕೊಳ್ಳುವುದು ಹೀಗೆ: ಜಲಾಶಯದಿಂದ ಘಾಟಿಗೆ ಒಂದೂವರೆ ಗಂಟೆ, ಘಾಟಿಯಿಂದ ಕಮರಿಯ ಬುಡದ ಬಿನಿಯರಾಶ್ ಹಳ್ಳಿಗೆ ಎರಡೂವರೆ, ಅಲ್ಲಿಂದ ಸೊಯೆರ್‌ಗೆ ಅರ್ಧ, ಊಟಕ್ಕೂ ವಿಶ್ರಾಂತಿಗೂ ಒಂದು. ಒಟ್ಟು ಐದೂವರೆ ಗಂಟೆ. ಇದನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ, ಎರಡು ಗಂಟೆ ಹೆಚ್ಚುವರಿ ಇಟ್ಟುಕೊಂಡು ಹೊರಡುವ ಹೊತ್ತು ಗೊತ್ತುಮಾಡುತ್ತೇನೆ. ಏಪ್ರಿಲ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಸಂಜೆ ಎಂಟರ ಮೇಲೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಅಂದಿನಿಂದ ಆರಕ್ಕೂ ಮುಂಚೆಯೇ ಮುಳುಗಿರುತ್ತದೆ. ಕಮರಿಯೊಳಗೆ ನೆರಳು ಅದಕ್ಕಿಂತ ಬಹಳ ಮೊದಲೇ ಬೀಳುತ್ತದೆ.

ಇದೇ ದಾರಿಯನ್ನು ಸೊಯೆರ್‌ನಿಂದ ಮೇಲಕ್ಕೆ ಹತ್ತುತ್ತಾ ಹೋದರೆ ಮಂಡಿಗೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಮಂಡಿಗೆ ಹೌದು, ಯೋಜನೆಗೆ ಅಲ್ಲ. ಮೇಲಿನ ಕೂಬೆರ್ ನಿಲ್ದಾಣದಲ್ಲಿ ಬಸ್ಸುಗಳು ಕೆಲವೇ, ಸುತ್ತ ಅಂಗಡಿಯಿಲ್ಲ, ನೆರಳಿಲ್ಲ. ದಣಿದ ಮೇಲೆ ಅಲ್ಲಿ ಬಸ್ಸು ತಪ್ಪಿಸಿಕೊಳ್ಳುವುದಕ್ಕಿಂತ ಬೆಳಗ್ಗೆಯೇ ಬಸ್ಸಿನಲ್ಲಿ ಮೇಲೇರಿ ಊರಿನತ್ತ ನಡೆಯುವುದು ಮೇಲು. ಸೊಯೆರ್‌ನಿಂದ ಕೂಬೆರ್ ಮೇಲಾಗಿ ಯ್ಯುಕ್ ಮಠದ ಕಡೆ ಹೋಗುವ ಬಸ್ಸು ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತದೆ. ಆ ವರ್ಷದ ವೇಳಾಪಟ್ಟಿ ನೋಡದೆ ದಿನ ಗೊತ್ತುಮಾಡಬೇಡಿ. ತುಂಬಿದ ಬಸ್ಸು ನಡುವಿನ ನಿಲ್ದಾಣದಲ್ಲಿ ನಿಲ್ಲದೆ ಹೋಗಬಹುದು. ಅದಕ್ಕೆ ಹೊರಡುವ ಜಾಗದಲ್ಲೇ ಹತ್ತಿ, ಟ್ಯಾಕ್ಸಿಯ ಬಾಡಿಗೆಯಷ್ಟು ಹಣವನ್ನು ಬೇರೆ ತೆಗೆದಿಟ್ಟಿರಿ.

ಇನ್ನು ನೀರು. ಪಶ್ಚಿಮ ಘಟ್ಟದಲ್ಲಿ ನಡೆದವರಿಗೆ ದಾರಿಯಲ್ಲಿ ಹಳ್ಳ ಸಿಗುತ್ತದೆ ಎನ್ನುವ ನಂಬಿಕೆ ರೂಢಿಯಾಗಿರುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ಇದು ಸುಣ್ಣಕಲ್ಲಿನ ಬೆಟ್ಟ. ಬಿದ್ದ ಮಳೆ ಬಿರುಕುಗಳಲ್ಲಿ ಇಂಗಿ ಒಳಗೆ ಹೋಗಿಬಿಡುತ್ತದೆ, ಕಮರಿಯ ಹೊಳೆ ವರ್ಷದ ಬಹುಪಾಲು ಒಣಗಿರುತ್ತದೆ. ಕಣ್ಣೆದುರಿನ ಕೂಬೆರ್ ನೀರು ಪಾಲ್ಮಾ ನಗರದ ಸರಬರಾಜಿಗೆ, ಅದಕ್ಕೆ ಕೈ ಹಾಕುವಂತಿಲ್ಲ. ವಸಂತದಲ್ಲಿ ತಲೆಗೆ ಎರಡು ಲೀಟರ್, ಜೂನ್ ಹೊತ್ತಿಗೆ ಮೂರು. ಒಣಗಾಳಿಯಲ್ಲಿ ಬೆವರು ಅಂಟದೆ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತೆಂದು ತಿಳಿಯುವುದೇ ಇಲ್ಲ. ಗಡಿಯಾರ ನೋಡಿಯೇ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಬೇಕು. ಒಂದು ಪೊಟ್ಟಣ ಓಆರ್‌ಎಸ್ ಜೊತೆಗಿರಲಿ. ಜುಲೈ, ಆಗಸ್ಟ್‌ನಲ್ಲಿ ಈ ದಾರಿ ಬೇಡವೆಂದೇ ಹೇಳುತ್ತೇನೆ.

ಕಮರಿಯ ಮೆಟ್ಟಿಲುಗಳು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಬಿಗಿದು ಕಟ್ಟಿದವು, ಅದೂ ಸಾವಿರಕ್ಕಿಂತ ಹೆಚ್ಚು. ಯ್ಯುಕ್ ಮಠಕ್ಕೆ ಹೋಗುವ ಯಾತ್ರಿಕರ ಹಳೆಯ ದಾರಿಯಿದು. ಪ್ರತಿ ಮೆಟ್ಟಿಲು ತಗ್ಗು, ಆದರೆ ಅಗಲ: ಒಂದು ಹೆಜ್ಜೆಗೆ ಹೆಚ್ಚು, ಎರಡಕ್ಕೆ ಕಡಿಮೆ. ಹೀಗಾಗಿ ಗಮನವಿಡದಿದ್ದರೆ ಪ್ರತಿ ಸಲವೂ ಅದೇ ಕಾಲು ಮೊದಲು ಕೆಳಗಿಳಿಯುತ್ತದೆ, ಒಂದು ಗಂಟೆಯಲ್ಲಿ ಆ ಮಂಡಿ ಬಿಗಿಯುತ್ತದೆ. ಹತ್ತು ಮೆಟ್ಟಿಲಿಗೊಮ್ಮೆ ಬೇಕೆಂದೇ ಅರ್ಧ ಹೆಜ್ಜೆ ಹಾಕಿ ಕಾಲು ಬದಲಿಸಿ. ತಲೆಮಾರುಗಳ ಓಡಾಟದಿಂದ ಕಲ್ಲಿನ ನಡುಭಾಗ ನುಣುಪಾಗಿ ಹೊಳೆಯುತ್ತದೆ. ಒದ್ದೆಯಾದರೆ ಅಲ್ಲಿ ಕಾಲು ನಿಲ್ಲದು, ಮೆಟ್ಟಿಲಿನ ಅಂಚಿಗೆ ಲಂಬವಾಗಿ ನೆಟ್ಟ ಕಲ್ಲುಗಳ ಮೇಲೆ ಹೆಜ್ಜೆಯಿಡಿ. ಊರುಗೋಲಿನ ಲೋಹದ ಮೊನೆಯೂ ಈ ಕಲ್ಲಿನಲ್ಲಿ ಜಾರುತ್ತದೆ, ಅದಕ್ಕೆ ರಬ್ಬರ್ ಟೋಪಿ ಹಾಕಿ. ಹಿಮ್ಮಡಿ ಸವೆದ ಶೂ ತೊಟ್ಟು ಇಲ್ಲಿಗೆ ಬರಬೇಡಿ.

ಶರತ್ಕಾಲದ ಮಳೆಯ ಬಗ್ಗೆ ನನಗೆ ಯಾವ ರಾಜಿಯೂ ಇಲ್ಲ. ಬೇಸಿಗೆಯಿಡೀ ಕಾದ ಸಮುದ್ರದ ಮೇಲೆ ತಂಪುಗಾಳಿ ಬಂದಾಗ ಕೆಲವೇ ಗಂಟೆಗಳಲ್ಲಿ ಭಾರೀ ಮಳೆ ಸುರಿಯುತ್ತದೆ, ಒಣಗಿದ್ದ ಹೊಳೆ ಉಕ್ಕುತ್ತದೆ, ದಾರಿಯೋ ಅದನ್ನು ಮತ್ತೆ ಮತ್ತೆ ದಾಟುತ್ತದೆ. ಸ್ಪೇನಿನ ಹವಾಮಾನ ಸಂಸ್ಥೆ ಏಮೆತ್ ತ್ರಾಮುಂತಾನಾಕ್ಕೆ ಪ್ರತ್ಯೇಕವಾಗಿ ಎಚ್ಚರಿಕೆ ಕೊಡುತ್ತದೆ. ಮಳೆಗೆ ಹಳದಿ ಎಚ್ಚರಿಕೆ ಇದ್ದರೂ ಆ ದಿನ ಕೈಬಿಡುತ್ತೇನೆ.

ಬುತ್ತಿಯನ್ನು ಹಿಂದಿನ ದಿನವೇ ಕೊಳ್ಳಿ. ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಪಾಂಬೋಲಿ, ಬಾದಾಮಿ, ಸೊಯೆರ್ ಕಿತ್ತಳೆ ಸಾಕು. ಬೇಕರಿಯ ಸುರುಳಿ ಬನ್ನು ಎನ್ಸಾಯ್ಮಾದಾಗೆ ಹಂದಿಕೊಬ್ಬು ಹಾಕಿರುತ್ತಾರೆ, ಸಸ್ಯಾಹಾರಿಗಳು ನೆನಪಿಡಿ.

ದಾರಿ ಜಿ.ಆರ್. 221 ಎಂಬ ದೂರದ ಕಾಲ್ನಡಿಗೆ ಹಾದಿಯ ಭಾಗ, ಮರದ ಕಂಬಗಳ ಫಲಕವಿದೆ. ಬದಿಯಲ್ಲಿ ಕಾಣುವ ಸಣ್ಣ ಕಲ್ಲುಗುಪ್ಪೆಗಳು ಬೇರೆ ಕಾಲುದಾರಿಗಳದ್ದೂ ಆಗಿರಬಹುದು, ಅವನ್ನೇ ನಂಬಿ ಹೋಗಬೇಡಿ. ಕಮರಿಯಲ್ಲಿ ಸಿಗ್ನಲ್ ಸಿಗದ ಕಡೆಗಳಿವೆ, ನಕ್ಷೆ ಮೊದಲೇ ಫೋನಿಗೆ ಇಳಿಸಿ, 1:25,000 ಅಳತೆಯ ಕಾಗದದ ನಕ್ಷೆಯನ್ನೂ ಚೀಲದಲ್ಲಿಡಿ. ತುರ್ತು ಸಂಖ್ಯೆ 112. ದಾರಿ ಖಾಸಗಿ ಜಮೀನು ಹಾಯುತ್ತದೆ. ಕುರಿ ಆಚೆ ಹೋಗದಿರಲೆಂದು ಇಟ್ಟ ಗೇಟುಗಳನ್ನು ತೆರೆದವರೇ ಮುಚ್ಚಬೇಕು.

ಘಾಟಿಗೆ ಹನ್ನೆರಡರೊಳಗೆ ತಲುಪಿ, ತಲೆಗೆ ಒಂದೂವರೆ ಲೀಟರ್ ನೀರು ಉಳಿದಿದ್ದರೆ ಮಾತ್ರ 1,093 ಮೀಟರಿನ ಲೋಫ್ರೆ ಶಿಖರ ಹತ್ತಿ ಬನ್ನಿ. ಹೋಗಿ ಬರಲು ಒಂದೂವರೆ ಗಂಟೆ ಬೇಕು. ಎರಡರಲ್ಲಿ ಒಂದು ತಪ್ಪಿದರೂ ನೇರ ಇಳಿಯಿರಿ. ಸೊಯೆರ್‌ನಿಂದ ಪಾಲ್ಮಾಕ್ಕೆ 1912ರಿಂದ ಓಡುತ್ತಿರುವ ಮರದ ಬೋಗಿಯ ರೈಲು ಚೆಂದ, ಆದರೆ ಅದರ ಕೊನೆಯ ಗಾಡಿ ಬಸ್ಸಿಗಿಂತ ಬೇಗ ಹೊರಡುತ್ತದೆ. ವಾಪಸಾಗಲು ಬಸ್ಸನ್ನೇ ನೆಚ್ಚಿಕೊಳ್ಳಿ.