ಎಂ.ಎಸ್. ಇರುವವರಿಗೆ ವ್ಯಾಯಾಮ: ಸುಸ್ತಿಗೊಂದು ಅಂಕ, ಮನಸ್ಸಿಗೊಂದು ಅಂಕ

ಎಂ.ಎಸ್. ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು-ಬೆನ್ನುಹುರಿಯ ನರಗಳ ಮಯಲಿನ್ ಎಂಬ ಹೊದಿಕೆ ಸವೆಯುವ ಕಾಯಿಲೆ. ಅದು ಇರುವವರಿಗೆ ವ್ಯಾಯಾಮ ಕಲಿಸುವ ಮೊದಲು ಎರಡು ವಾರ ನೋಟ್‌ಪುಸ್ತಕ ಬರೆಸುತ್ತೇನೆ. ಬೆಳಿಗ್ಗೆ ಎದ್ದಾಗೊಮ್ಮೆ, ಸಂಜೆಯೊಮ್ಮೆ: ಸುಸ್ತು ಹತ್ತಕ್ಕೆ ಎಷ್ಟು, ಮನಸ್ಸು ಹತ್ತಕ್ಕೆ ಎಷ್ಟು. ಎರಡನ್ನೂ ಬೇರೆ ಬೇರೆ ಬರೆಯಲೇಬೇಕು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9ರಲ್ಲಿ ಸುಸ್ತು, ನಿದ್ರೆ, ಏಕಾಗ್ರತೆಗೂ ಅಂಕವಿದೆ. ಈ ಮೂರನ್ನೂ ಕೆಡಿಸಲು ಎಂ.ಎಸ್. ಒಂದೇ ಸಾಕು. ಹಾಗಾಗಿ ಬರೀ ಒಟ್ಟು ಅಂಕ ನಂಬುವುದಿಲ್ಲ. ಆದರೆ ಸಾಯುವ ಯೋಚನೆ ಕೇಳುವ 9ನೇ ಪ್ರಶ್ನೆಗೆ ‘ಹೌದು’ ಬಂದರೆ ವ್ಯಾಯಾಮದ ಮಾತು ಆಮೇಲೆ, ಅದೇ ದಿನ ಮನೋವೈದ್ಯರ ಬಳಿ ಕಳಿಸಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಬಿಸಿಯಿಂದ. ಮಯಲಿನ್ ಹೊದಿಕೆ ಸವೆದ ನರದಲ್ಲಿ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಸಂಕೇತ ತಡವರಿಸುತ್ತದೆ: ಕಣ್ಣು ಮಂಜು, ಕಾಲು ಭಾರ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹಾಫ್ ಇದನ್ನು 1890ರಲ್ಲೇ ಗುರುತಿಸಿದ್ದರು. ಮೈ ತಣಿದರೆ ಅದು ಹೋಗುತ್ತದೆ, ನರಕ್ಕೆ ಹೊಸ ಪೆಟ್ಟೇನೂ ಬಿದ್ದಿರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಕಾಯಿಲೆ ಏರಿತೆಂದು ಹೆದರಿ ಮನೆ ಹಿಡಿಯುತ್ತಾರೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಬೆಳಿಗ್ಗೆ ಏಳರೊಳಗೆ ಮುಗಿಸಿಬಿಡಬೇಕು. ಶುರುವಿಗೆ ಮುಂಚೆ ಒಂದು ಲೋಟ ತಣ್ಣೀರು, ಕತ್ತಿಗೆ ಹಿಂಡಿದ ಒದ್ದೆ ಟವೆಲ್, ಎದುರಿಗೆ ಫ್ಯಾನ್. ಮೂತ್ರದ ಅವಸರಕ್ಕೆ ಹೆದರಿ ನೀರು ಬಿಡುವವರು ಬಹಳ. ನೀರು ಬಿಡಿಸಬೇಡಿ, ಶೌಚಾಲಯದ ಹತ್ತಿರದ ಕೋಣೆ ಆರಿಸಿ.

ಗುರಿ ದೊಡ್ಡದಲ್ಲ. ಅಲ್ಪ ಅಥವಾ ಮಧ್ಯಮ ತೊಂದರೆಯವರಿಗೆ ಕೆನಡಾದ ಮಾರ್ಗಸೂಚಿ ಹೇಳುವುದು ವಾರಕ್ಕೆ ಎರಡು ಸಲ 30 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಎರಡು ಸಲ ಸ್ನಾಯುಬಲದ ವ್ಯಾಯಾಮ. ನಾನು 5 ನಿಮಿಷ ಸೈಕಲ್, 2 ನಿಮಿಷ ವಿಶ್ರಾಂತಿ, ಹೀಗೆ ಎರಡು ಸುತ್ತಿನಿಂದ ತೊಡಗಿ ವಾರಕ್ಕೊಂದೆರಡು ನಿಮಿಷ ಏರಿಸುತ್ತೇನೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟೇ ವೇಗ. ಬಲಕ್ಕೆ ಕುರ್ಚಿಯಿಂದ ಎದ್ದು ಕೂರುವುದು, 10 ಸಲ, ಕುರ್ಚಿ ಗೋಡೆಗೆ ಒತ್ತಿರಲಿ. ಪಾದ ಜೋಲುವವರಿಗೆ ಪೆಡಲಿಗೆ ಪಟ್ಟಿ ಬೇಕು. ನಡೆಯುವವರಾದರೆ ಕಿವಿ ಕಾಲಿನ ಕಡೆಗಿರಲಿ: ಚಪ್ಪಲಿಯ ತುದಿ ನೆಲಕ್ಕೆ ಸರ್ರೆಂದು ತಗುಲಿದ ಕೂಡಲೇ ನಿಲ್ಲಿಸಿ. ಎಡವಿ ಬೀಳುವುದು ಅದರ ಮುಂದಿನ ಹತ್ತು ಹೆಜ್ಜೆಯಲ್ಲಿ.

ಮೈ ಹಗುರವಿರುವ ದಿನವೇ ಅಪಾಯ. ಆವತ್ತು ದುಪ್ಪಟ್ಟು ಮಾಡಿ ಎರಡು ದಿನ ಹಾಸಿಗೆ ಹಿಡಿದರೆ ಮನಸ್ಸಿನ ಅಂಕವೂ ಬೀಳುತ್ತದೆ. ಹೀಗಾಗಿ ಒಳ್ಳೆಯ ದಿನಕ್ಕೂ ಅದೇ ಅಳತೆ. ಮರುದಿನ ಬೆಳಿಗ್ಗೆ ಸುಸ್ತು ಎರಡಂಕ ಏರಿದ್ದರೆ ಮುಂದಿನ ಸಲ ಸಮಯ ಅರ್ಧ ಮಾಡುತ್ತೇನೆ, ರದ್ದು ಮಾಡುವುದಿಲ್ಲ.

ಫಲ ಬರುವುದಕ್ಕೆ ಕನಿಷ್ಠ ಐದು ವಾರ ಕೊಡಿ. ಎಂ.ಎಸ್. ಇರುವವರಿಗೆ ವ್ಯಾಯಾಮ ಮಾಡಿಸಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1996ರಲ್ಲಿ ಪ್ರಕಟಿಸಿದ 15 ವಾರಗಳ ಅಧ್ಯಯನದಲ್ಲಿ ಖಿನ್ನತೆ, ಸಿಟ್ಟಿನ ಅಂಕಗಳು ಇಳಿದದ್ದು 5ನೇ ವಾರದ ಅಳತೆಯಲ್ಲೇ ಕಂಡಿತ್ತು. ಔಷಧಿ, ಆಪ್ತಸಮಾಲೋಚನೆ ನಡೆಯುತ್ತಿದ್ದರೆ ಅವು ಜೊತೆಗೇ ಮುಂದುವರಿಯಲಿ.

ಹೊಸ ಲಕ್ಷಣವೊಂದು ಮೈ ತಣಿದ ಮೇಲೂ 24 ಗಂಟೆ ಉಳಿದರೆ ಸೈಕಲ್ ನಿಲ್ಲಿಸಿ ನರರೋಗ ತಜ್ಞರಿಗೆ ಫೋನ್ ಮಾಡಿ.